ಬೆಕ್ಕಿನ ಒಕ್ಕಲು

ನಮ್ಮ ಕಡೆ ಗೃಹಪ್ರವೇಶಕ್ಕೆ ‘ಒಕ್ಕಲು’ ಎನ್ನುತ್ತಾರೆ. ‘ಮುಂದಿನ ತಿಂಗಳು ನಮ್ಮ ಮನೆ ಒಕ್ಕಲು, ಬರಬೇಕು’ ಎಂದು ಕರೆದರೆ ಕುಂದಾಪುರದ ಸುತ್ತಮುತ್ತ ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಈ ಮಾತಿನ ಮೇಲೆ ಒಂದು ವಿಶೇಷ ಅಕ್ಕರೆ. ಒಕ್ಕಲು ಎಂದರೆ ನೆಲಸುವುದು. ನೆಲಸಿದ ಸಂಸಾರವೂ ಒಕ್ಕಲೇ. ಇನ್ನೊಬ್ಬರ ಭೂಮಿಯನ್ನು ಗೇಣಿಗೆ ಹಿಡಿದು ಉಳುವವನೂ ಒಕ್ಕಲು. ಇದೇ ಮಾತಿಗೆ ‘ಎಬ್ಬಿಸು’ ಎಂಬ ಕ್ರಿಯಾಪದವನ್ನು ಸೇರಿಸಿದರೆ ಸಾಕು, ಅದರ ಮುಖವೇ ಕಪ್ಪಿಡುತ್ತದೆ. ಒಂದೇ ದಿನ, ಒಂದೇ ಮನೆಯವರಲ್ಲಿ, ಕೆಲವರಿಗೆ ಒಕ್ಕಲು ಮತ್ತೆ ಕೆಲವರಿಗೆ ಒಕ್ಕಲೆಬ್ಬಿಸುವಿಕೆ ಆಗಬಹುದೆಂಬುದನ್ನು ನನಗೆ ಯೋಚನೆಗೆ ಹಚ್ಚಿದ್ದು ಒಂದು ಮುದಿ ಬೆಕ್ಕು.

ಸಿದ್ದಾಪುರದ ಪೇಟೆಯಿಂದ ಒಳಗೆ ಅಡಿಕೆತೋಟದ ಅಂಚಿನಲ್ಲಿದ್ದ ನಮ್ಮ ಹೆಂಚಿನ ಮನೆಯನ್ನು ಬಿಟ್ಟು ರಸ್ತೆಬದಿಯ ತಾರಸಿ ಮನೆಗೆ ಬರುವುದೆಂದು ತೀರ್ಮಾನವಾಯಿತು. ಕಾರಣಗಳು ಎಲ್ಲ ಮನೆಗಳಲ್ಲಿಯೂ ಇರುವಂಥವೇ. ಅಟ್ಟದ ಮರಕ್ಕೆ ಗೆದ್ದಲು. ಮಳೆಗಾಲದಲ್ಲಿ ಕಾಲುಸಂಕ ದಾಟುವ ಭಯ. ಮಕ್ಕಳಿಗೆ ಬಸ್ಸು ಹತ್ತಿರವಾಗಬೇಕು, ಅಮ್ಮನಿಗೆ ಡಾಕ್ಟರು ಹತ್ತಿರವಾಗಬೇಕು. ಹಳೆಯ ಮನೆಯ ಹೆಂಚು, ಮರಮಟ್ಟುಗಳನ್ನು ಮಾರುವುದೆಂದಾಯಿತು. ಚರ್ಚೆ ಎರಡು ವರ್ಷ ನಡೆಯಿತು. ಜೋಯಿಸರನ್ನು ಕೇಳಿದೆವು, ಬ್ಯಾಂಕಿನವರನ್ನು ಕೇಳಿದೆವು, ವಾಸ್ತು ಬಲ್ಲವರೊಬ್ಬರು ಬಂದು ಅಡಿಗೆಮನೆಯ ಬಾಗಿಲನ್ನು ಒಂದು ಗೇಣು ಸರಿಸಿಹೋದರು. ಹನ್ನೆರಡು ವರ್ಷಗಳಿಂದ ಆ ಮನೆಯಲ್ಲಿದ್ದ ಬೆಕ್ಕನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳುವುದಾದರೂ ಹೇಗೆ?

ಹನ್ನೆರಡು ವರ್ಷವೆಂದರೆ ಬೆಕ್ಕಿನ ಆಯುಸ್ಸಿನಲ್ಲಿ ನಮ್ಮ ಅರುವತ್ತು ದಾಟಿದಂತೆ. ಅದರಲ್ಲಿಯೂ ಇದು ಅಂಜುಬುರುಕ ಬೆಕ್ಕು. ಅಂಗಳದಲ್ಲಿ ಹೊರಗಿನವರ ಚಪ್ಪಲಿಯ ಸದ್ದು ಕೇಳಿದರೆ ಅಟ್ಟ ಹತ್ತುತ್ತಿತ್ತು. ದೀಪಾವಳಿಯ ಮೂರು ದಿನ ಅದರ ಮುಖ ಕಂಡವರಿಲ್ಲ. ಆದರೆ ಅಂಜುಬುರುಕರನ್ನು ನಾವು ಸರಿಯಾಗಿ ಅರ್ಥಮಾಡಿಕೊಂಡಿಲ್ಲವೆಂದು ನನ್ನ ಎಣಿಕೆ. ಧೈರ್ಯವಂತನ ಧೈರ್ಯ ಅವನ ಮೈಯಲ್ಲಿರುತ್ತದೆ. ಎಲ್ಲಿ ಹೋದರೂ ಜೊತೆಗೆ ಬರುತ್ತದೆ. ಅಂಜುಬುರುಕನ ಧೈರ್ಯ ಇರುವುದು ಅವನ ಮನೆಯಲ್ಲಿ. ಯಾವ ತೊಲೆಯ ಹಿಂದೆ ಎಷ್ಟು ಜಾಗ, ಯಾವ ಕಿಟಕಿಯ ಸರಳು ಸಡಿಲ, ಯಾವ ಹೊತ್ತಿಗೆ ಯಾರ ಹೆಜ್ಜೆ ಎಲ್ಲಿ ಬೀಳುತ್ತದೆ ಎಂಬ ತಿಳಿವಳಿಕೆಯೇ ಅವನ ಬಲ. ಬೆಕ್ಕು ಕಂಬಕ್ಕೆ ಕೆನ್ನೆ ಉಜ್ಜುವುದು ಮುದ್ದಿಗಲ್ಲ. ಕೆನ್ನೆಯಲ್ಲಿರುವ ಗ್ರಂಥಿಗಳ ವಾಸನೆಯನ್ನು ಅಲ್ಲಿ ಇಟ್ಟುಬರುತ್ತದೆ. ನಮ್ಮ ಮೂಗಿಗೆ ತಿಳಿಯದ ಅಕ್ಷರದಲ್ಲಿ ಆ ಮನೆಯ ತುಂಬ ಅದರ ಹೆಸರು ಬರೆದಿತ್ತು. ಹೊಸ ಮನೆಯಲ್ಲಿ ಇದ್ದದ್ದು ಬಣ್ಣದ ವಾಸನೆ, ಸಿಮೆಂಟಿನ ವಾಸನೆ. ಬೆಕ್ಕನ್ನು ಅಲ್ಲಿಗೆ ಒಯ್ಯುವುದೆಂದರೆ ಅದರ ಧೈರ್ಯವನ್ನು ಹಿಂದೆ ಬಿಟ್ಟು ಹೆದರಿಕೆಯನ್ನಷ್ಟೇ ಒಯ್ದಂತೆ.

ನಾಯಿ ಯಜಮಾನನನ್ನು ನಂಬುತ್ತದೆ, ಬೆಕ್ಕು ಮನೆಯನ್ನು ನಂಬುತ್ತದೆ ಎಂದು ಹಿರಿಯರು ಹೇಳುವುದುಂಟು. ಹಾಗೆ ಹೇಳುವಾಗ ಬೆಕ್ಕಿನ ಮೇಲೆ ಸ್ವಲ್ಪ ತಾತ್ಸಾರವೂ ಇರುತ್ತದೆ, ಕೃತಜ್ಞತೆ ಇಲ್ಲದ ಪ್ರಾಣಿ ಎಂದು. ಧರ್ಮರಾಯನ ಕಥೆ ಎಲ್ಲರಿಗೂ ಗೊತ್ತು. ಮಹಾಪ್ರಸ್ಥಾನದಲ್ಲಿ ತಮ್ಮಂದಿರೂ ಹೆಂಡತಿಯೂ ದಾರಿಯಲ್ಲಿ ಬಿದ್ದರು. ಕೊನೆಯವರೆಗೆ ಹಿಂದೆ ಬಂದದ್ದು ಒಂದು ನಾಯಿ. ಅದನ್ನು ಬಿಟ್ಟು ಬಾ ಎಂದು ಇಂದ್ರ ಹೇಳಿದಾಗ, ನಂಬಿ ಬಂದವರನ್ನು ಬಿಡುವುದು ಪಾಪವೆಂದು ಧರ್ಮರಾಯ ರಥ ಹತ್ತಲೊಲ್ಲದೆ ನಿಂತ. ದೊಡ್ಡ ಮಾತೇ ಸರಿ. ಆದರೆ ಆತನ ಕಷ್ಟ ಒಂದು ರೀತಿಯಿಂದ ಸುಲಭದ ಕಷ್ಟ. ನಾಯಿ ತಾನಾಗಿ ಬಂದಿತ್ತು. ಅದರ ಮನಸ್ಸು ಏನೆಂದು ಊಹಿಸಬೇಕಾಗಿರಲಿಲ್ಲ. ಅದು ನಾಯಿಯಾಗಿರದೆ, ಹಸ್ತಿನಾವತಿಯ ಅರಮನೆಯ ಅಡಿಗೆಮನೆಯಲ್ಲಿ ಒಲೆಯ ಬೆಚ್ಚಗಿನ ಬೂದಿಯ ಬಳಿ ಮಲಗಿ, ಪಾಂಡವರು ಹೊರಟಾಗ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡ ಬೆಕ್ಕಾಗಿದ್ದರೆ? ನಂಬಿ ಬಂದವರ ಋಣವನ್ನು ಶಾಸ್ತ್ರಗಳು ಬಲ್ಲವು. ಬಾರದೆ ಕುಳಿತವರ ಋಣವೇನು?

ಇದಕ್ಕೆ ಉತ್ತರ ಹುಡುಕಲು ನಾನು ಪುರಾಣಕ್ಕಿಂತ ಹೆಚ್ಚಾಗಿ ನಮ್ಮ ಜಿಲ್ಲೆಯ ಗೇಣಿಪದ್ಧತಿಯನ್ನು ನೆಚ್ಚಿಕೊಂಡೆ. ಹಿಂದಿನ ದಕ್ಷಿಣ ಕನ್ನಡದಲ್ಲಿ ಎರಡು ಬಗೆಯ ಒಕ್ಕಲುಗಳಿದ್ದರು. ಮೂಲಗೇಣಿಯವನದು ಶಾಶ್ವತದ ಹಕ್ಕು. ಗೊತ್ತಾದ ಗೇಣಿ ಕೊಡುವವರೆಗೆ ಅವನನ್ನು ಏಳಿಸುವಂತಿಲ್ಲ. ಚಾಲಗೇಣಿಯವನದು ಧಣಿಯ ಮರ್ಜಿಯ ಬದುಕು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂದಾಗ ಕಾಯಿದೆ ಕೇಳಿದ್ದು ಕಾಗದ ಯಾರ ಹೆಸರಲ್ಲಿದೆ ಎಂದಲ್ಲ, ಉಳುತ್ತಿರುವವರು ಯಾರು ಎಂದು. ನೆಲದೊಡನೆ ದೀರ್ಘಕಾಲ ಬಾಳಿದ್ದೇ ಒಂದು ಹಕ್ಕು ಎಂಬುದನ್ನು ಆಗ ನಾಡು ಒಪ್ಪಿತು. ನಮ್ಮ ಬೆಕ್ಕು ಹನ್ನೆರಡು ವರ್ಷ ಇಲಿಗಳ ರೂಪದಲ್ಲಿ ಬಾಕಿಯಿಲ್ಲದೆ ಗೇಣಿ ಸಲ್ಲಿಸಿದೆ, ಅಕ್ಕಿಮುಡಿಯನ್ನು ಕಾದಿದೆ. ಅದನ್ನು ಚಾಲಗೇಣಿಯೆನ್ನಲು ನನಗೆ ನಾಲಗೆ ಏಳದು. ಡಿಕ್ಲರೇಷನ್ ಸಲ್ಲಿಸಲು ಅದಕ್ಕೆ ಬಾರದು, ಅಷ್ಟೆ.

ಹಾಗಾದರೆ ಅದನ್ನು ಅಲ್ಲಿಯೇ ಬಿಡಬೇಕಾಗಿತ್ತೆ? ಮಾಡು ತೆಗೆದ ಮನೆಯಲ್ಲಿ, ಚಿರತೆ ನಾಯಿಯನ್ನು ಹೊತ್ತೊಯ್ಯುವ ಸುದ್ದಿ ಹೊಸದಲ್ಲದ ಊರಿನಲ್ಲಿ, ಹಲ್ಲು ಸವೆದ ಬೆಕ್ಕನ್ನು ‘ನಿನ್ನ ಹಕ್ಕು ನಿನಗೆ’ ಎಂದು ಬಿಟ್ಟುಬರುವುದು ಸ್ವಾತಂತ್ರ್ಯದ ಹೆಸರಿನ ಕ್ರೌರ್ಯ. ಒಯ್ಯಲೇಬೇಕು, ಒಪ್ಪಿಗೆಯಿಲ್ಲದೆಯೇ ಒಯ್ಯಬೇಕು. ನೀತಿಯ ಪ್ರಶ್ನೆ ಇಲ್ಲಿ ಮುಗಿಯುತ್ತದೆಂದು ಬಹಳ ಜನ ಭಾವಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಇಲ್ಲಿಂದಲೇ ಶುರುವಾಗುತ್ತದೆ.

ಸಿದ್ದಾಪುರದಿಂದ ಘಟ್ಟದ ಕಡೆಗೆ ಹೋದರೆ ಹೊಸಂಗಡಿ. ಅಲ್ಲಿ ವಾರಾಹಿಯ ಭೂಗರ್ಭ ವಿದ್ಯುದಾಗಾರ. ಅದಕ್ಕೆ ನೀರು ಘಟ್ಟದ ಮೇಲಿನ ಮಾಣಿ ಅಣೆಕಟ್ಟಿನಿಂದ. ಇನ್ನೂ ಆಚೆ, ಶರಾವತಿಗೆ ಲಿಂಗನಮಕ್ಕಿಯ ಕಟ್ಟೆ ಮುಗಿದದ್ದು 1964ರಲ್ಲಿ. ‘ಮುಳುಗಡೆ’ ಎಂಬ ಮಾತಿನ ಅರ್ಥವನ್ನು ಈ ಸೀಮೆಯವರು ನಿಘಂಟಿನಿಂದ ಕಲಿತವರಲ್ಲ. ಇಂಥ ಸಂದರ್ಭಗಳಿಗಾಗಿ ಇದ್ದ 1894ರ ಭೂಸ್ವಾಧೀನ ಕಾಯಿದೆಯನ್ನು ಬರೆದವರು ಇಂಗ್ಲಿಷರು. ಅವರಿಗೆ ನಮ್ಮ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಆದರೂ ಅವರು ಒಂದು ವಿಚಿತ್ರವಾದ ಅಂಶವನ್ನು ಸೇರಿಸಿದರು. ಜಮೀನಿನ ಬೆಲೆ, ಮರಗಿಡಗಳ ಬೆಲೆ ಎಲ್ಲ ಕಟ್ಟಿದ ಮೇಲೆ ನೂರಕ್ಕೆ ಹದಿನೈದರಂತೆ ಇನ್ನಷ್ಟು ಕೊಡಬೇಕು. ಏಕೆಂದರೆ ಅವನು ತಾನಾಗಿ ಮಾರುತ್ತಿಲ್ಲ, ನಾವು ಬಲವಂತವಾಗಿ ತೆಗೆದುಕೊಳ್ಳುತ್ತಿದ್ದೇವೆ. ಸೊಲೇಷಿಯಂ ಎಂದು ಇದಕ್ಕೆ ಹೆಸರು, ಸಾಂತ್ವನದ ಹಣವೆನ್ನಬಹುದು. 1984ರಲ್ಲಿ ಅದು ನೂರಕ್ಕೆ ಮೂವತ್ತಾಯಿತು. 2013ರ ಹೊಸ ಕಾಯಿದೆಯಲ್ಲಿ ನೂರಕ್ಕೆ ನೂರಾಯಿತು. ಆ ಹಣ ಎಷ್ಟು ಜನರ ಕೈಗೆ ಸಕಾಲಕ್ಕೆ ತಲುಪುತ್ತದೆಂಬುದು ಬೇರೆ ಮಾತು. ಒಳಗಿರುವ ತತ್ತ್ವ ಮಾತ್ರ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಕಳೆದುಕೊಂಡ ವಸ್ತುವಿನ ನಷ್ಟ ಒಂದು. ಕೇಳದೆ ಕಿತ್ತುಕೊಂಡದ್ದರ ನೋವು ಇನ್ನೊಂದು. ಮೊದಲನೆಯದನ್ನು ಪೂರ್ತಿ ತುಂಬಿಕೊಟ್ಟರೂ ಎರಡನೆಯದು ಹಾಗೆಯೇ ಉಳಿದಿರುತ್ತದೆ.

‘ಹೊಸ ಮನೆ ಹಳೆಯದಕ್ಕಿಂತ ಚೆನ್ನಾಗಿದೆ, ಇಲ್ಲಿ ಅದಕ್ಕೆ ಏನು ಕಡಮೆ?’ ಎನ್ನುವವರು ಮೊದಲನೆಯ ಲೆಕ್ಕವನ್ನು ಮಾತ್ರ ಮುಗಿಸಿದವರು. ಬೆಕ್ಕು ಮರಿಗಳನ್ನು ಕಚ್ಚಿಕೊಂಡು ಏಳು ಮನೆ ಸುತ್ತಿಸುತ್ತದೆ, ಅದು ಮರಿಗಳನ್ನು ಕೇಳುತ್ತದೆಯೇ ಎಂದು ನನ್ನ ಸಹೋದ್ಯೋಗಿ ಮಿತ್ರರೊಬ್ಬರು ವಾದಿಸಿದರು. ಶ್ರೀವೈಷ್ಣವರಲ್ಲಿ ಮಾರ್ಜಾಲ ಕಿಶೋರ ನ್ಯಾಯವೆಂಬುದು ಪ್ರಸಿದ್ಧ: ಕೋತಿಯ ಮರಿ ತಾನೇ ತಾಯಿಯನ್ನು ಅಪ್ಪಿ ಹಿಡಿಯಬೇಕು, ಬೆಕ್ಕಿನ ಮರಿ ಸುಮ್ಮನೆ ತನ್ನನ್ನು ಬಿಟ್ಟುಕೊಟ್ಟರೆ ಸಾಕು, ಭಗವಂತನಿಗೆ ಹಾಗೆ ಶರಣಾಗಬೇಕೆಂದು ತೆಂಕಲೆಯವರ ಮತ. ಆ ಉಪಮೆಯಲ್ಲಿ ಒಯ್ಯುವವನು ಭಗವಂತ; ಅವನ ಯೋಗ್ಯತೆಯನ್ನು ಯಾರೂ ಪರೀಕ್ಷಿಸಬೇಕಾಗಿಲ್ಲ. ಒಯ್ಯುವವರು ನಾವಾದಾಗ ಉಪಮೆ ಕೆಲಸಕ್ಕೆ ಬಾರದು. ತಾಯಿಬೆಕ್ಕಿಗೆ ಎಷ್ಟು ಬಿಗಿಯಾಗಿ ಕಚ್ಚಬೇಕೆಂಬುದು ಗೊತ್ತು. ನಮಗೆ ಅದು ಗೊತ್ತಿಲ್ಲ.

ಬೆಕ್ಕು ಸಾಗಿಸಲು ನಮ್ಮೂರಿನಲ್ಲಿ ಹಿಂದಿನಿಂದಲೂ ಇರುವ ವಿಧಾನ ಗೋಣಿಚೀಲ. ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ದಿಕ್ಕು ತಪ್ಪಲೆಂದು ಮೂರು ಸುತ್ತು ತಿರುಗಿಸಿ, ಸಾಧ್ಯವಾದರೆ ಹೊಳೆ ದಾಟಿಸುವುದು. ಇದು ಕದಿಯುವ ಬೆಕ್ಕನ್ನು ತೊಲಗಿಸುವ ವಿಧಾನ. ಪ್ರೀತಿಯ ಬೆಕ್ಕನ್ನು ಕರೆದೊಯ್ಯುವಾಗಲೂ ಕೈ ತಾನಾಗಿ ಅದೇ ಚೀಲಕ್ಕೆ ಹೋಗುತ್ತದೆ. ನಮ್ಮ ಮನೆಯಲ್ಲಿ ಅಮ್ಮ ಒಪ್ಪಲಿಲ್ಲ. ಹೊರಡುವ ಎರಡು ವಾರ ಮೊದಲೇ ಒಂದು ದೊಡ್ಡ ಹೆಡಿಗೆಯಲ್ಲಿ ತನ್ನ ಹಳೆಯ ಸೀರೆ ಹಾಸಿ ಒಲೆಯ ಪಕ್ಕ ಇಟ್ಟಳು. ಬೆಕ್ಕು ಅದರಲ್ಲಿ ಮಲಗಲು ಕಲಿಯಿತು. ಒಕ್ಕಲಿನ ದಿನ ಹಸುಕರುಗಳನ್ನು ಒಳಗೆ ನಡೆಸಿ, ಹೋಮ ಮುಗಿದು, ಊಟವಾಗಿ, ನಂಟರು ಹೋಗಿ, ಬಾಡಿಗೆಯ ಕುರ್ಚಿಗಳನ್ನು ಒಯ್ಯುವವರೆಗೂ ಬೆಕ್ಕನ್ನು ತರಲಿಲ್ಲ. ಮೂರನೆಯ ದಿನ ಸಂಜೆ ಹೆಡಿಗೆಗೆ ಇನ್ನೊಂದು ಹೆಡಿಗೆ ಕವುಚಿ ಹಗ್ಗ ಬಿಗಿದು ತಂದೆವು. ಇಡೀ ಮನೆಯನ್ನು ತೋರಿಸಹೋಗಲಿಲ್ಲ; ಹಿಂದಿನ ಒಂದೇ ಕೋಣೆ, ಅಲ್ಲಿ ಒಗೆಯದ ಆ ಸೀರೆ, ಹಳೆಯದೇ ಬಟ್ಟಲು, ಮೊದಲಿನ ಹೊತ್ತಿಗೇ ಅನ್ನ-ಮೊಸರು. ಅದು ಮರದ ಪೆಟ್ಟಿಗೆಯ ಹಿಂದೆ ಹೋಗಿ ಕುಳಿತಿತು. ಮಕ್ಕಳು ಎಳೆದು ತರುತ್ತೇವೆಂದರು. ಅಮ್ಮ ಬಾಗಿಲ ಬಳಿ ಕುಳಿತು ಬತ್ತಿ ಹೊಸೆಯುತ್ತ ಕಾವಲಾದಳು. ಅದನ್ನು ಮುಟ್ಟಲಿಲ್ಲ, ಕರೆಯಲೂ ಇಲ್ಲ; ಸುಮ್ಮನೆ ಅಲ್ಲಿದ್ದಳು. ಹಟಕ್ಕೆ ಬಿಡುವುದಕ್ಕೂ ಒಂದು ಗಡುವಿದೆ, ನಿಜ. ಬೆಕ್ಕು ಎರಡು ಮೂರು ದಿನ ಏನನ್ನೂ ತಿನ್ನದಿದ್ದರೆ ಯಕೃತ್ತಿಗೇ ಅಪಾಯವೆಂದು ಪಶುವೈದ್ಯರು ಹೇಳುತ್ತಾರೆ. ಆಗ ತಾಳ್ಮೆ ಎಂಬುದು ಅಲಕ್ಷ್ಯದ ಇನ್ನೊಂದು ಹೆಸರಾಗುತ್ತದೆ. ನಮ್ಮದು ಎರಡನೆಯ ರಾತ್ರಿ ಎಲ್ಲರೂ ಮಲಗಿದ ಮೇಲೆ ಬಟ್ಟಲನ್ನು ನೆಕ್ಕಿಟ್ಟಿತ್ತು.

ಅಮ್ಮ ಕೊಟ್ಟ ಆ ಕೋಣೆ, ಆ ದಿನಗಳು, ಬೇಡವೆನ್ನಲು ಕೊಟ್ಟ ಅವಕಾಶ, ಇವು ನನ್ನ ಲೆಕ್ಕದಲ್ಲಿ ಸೊಲೇಷಿಯಂ.

ಬೆಕ್ಕಿನ ವಿಷಯಕ್ಕೆ ಇಷ್ಟು ಮಾತೇ, ಮನೆಯೇ ಇಲ್ಲದ ಮನುಷ್ಯರಿರುವಾಗ ಎಂದು ಓದುಗರಲ್ಲಿ ಕೆಲವರಿಗೆ ಅನ್ನಿಸಬಹುದು. ಅನ್ನಿಸಬೇಕಾದದ್ದೇ. ಆದರೆ ಬೆಕ್ಕಿನ ಮುಂದೆ ಒರಟಾದ ಕೈ ಮನುಷ್ಯರ ಮುಂದೆ ಮೆತ್ತಗಾಗುತ್ತದೆಂಬ ಭರವಸೆಯೂ ನನಗಿಲ್ಲ.

ಮೂರು ವಾರ ಕಳೆದು ಹೊರಗೆ ಬಿಟ್ಟ ಮೇಲೆ ಒಂದು ದಿನ ಬೆಕ್ಕು ಕಾಣೆಯಾಯಿತು. ಹಳೆಯ ಮನೆಯಲ್ಲಿತ್ತು. ಹೆಂಚು ಇಳಿಸಿಯಾಗಿತ್ತು, ಆಕಾಶದ ಕೆಳಗೆ ಬರಿಯ ಜಗಲಿಯ ಮೇಲೆ, ಹಿಂದೆ ಕಂಬವಿದ್ದ ಜಾಗದಲ್ಲಿ, ಕಾಲು ಮಡಚಿ ಕುಳಿತಿತ್ತು. ಹೊತ್ತು ತಂದೆವು. ಮತ್ತೆ ಹೋಯಿತು, ಮತ್ತೆ ತಂದೆವು. ಮಳೆ ಹಿಡಿದ ಮೇಲೆ ಹೋಗುವುದನ್ನು ಬಿಟ್ಟಿತು. ‘ಅಂತೂ ಹೊಂದಿಕೊಂಡಿತು’ ಎಂದು ಎಲ್ಲರೂ ಹೇಳಿದರು.

ಈ ‘ಹೊಂದಿಕೊಂಡಿತು’ ಎಂಬ ಮಾತನ್ನು ನಾನು ಅಂದಿನಿಂದ ಸಂಶಯದಿಂದ ನೋಡತೊಡಗಿದ್ದೇನೆ. ಹೊಂದಿಕೊಂಡವರೂ ಸುಮ್ಮನಿರುತ್ತಾರೆ, ಆಸೆ ಬಿಟ್ಟವರೂ ಸುಮ್ಮನಿರುತ್ತಾರೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಬಗೆಯ ನೆಮ್ಮದಿ. ನಮ್ಮ ತಾಲೂಕಿನ ಎಷ್ಟೋ ಮನೆಗಳಿಂದ ವಯಸ್ಸಾದ ತಂದೆತಾಯಿಯರು ಬೆಂಗಳೂರಿಗೆ, ಮುಂಬಯಿಗೆ ಹೋಗಿದ್ದಾರೆ. ಅವರನ್ನು ಕರೆದೊಯ್ದ ಮಕ್ಕಳು ಕೆಟ್ಟವರಲ್ಲ. ಒಂಟಿಯಾಗಿ ಬಿಡಲಾರದೆ ಕರೆದೊಯ್ದವರು. ಕೆಲವು ತಿಂಗಳಾದ ಮೇಲೆ ಕೇಳಿದರೆ ಅವರೂ ಹೇಳುವುದು ಇದನ್ನೇ. ‘ಮೊದಲು ಊರಿಗೆ ಹೋಗಬೇಕು ಎನ್ನುತ್ತಿದ್ದರು, ಈಗ ಹೊಂದಿಕೊಂಡಿದ್ದಾರೆ.’ ಕೇಳುವುದನ್ನು ನಿಲ್ಲಿಸಿದ್ದಾರೆ ಎಂಬುದಷ್ಟೇ ಅಲ್ಲಿ ಖಚಿತವಾಗಿ ತಿಳಿದ ಸಂಗತಿ.

ಬೆಕ್ಕಿನ ವಿಷಯದಲ್ಲಿ ನಾನು ಕಾದುನೋಡಿದ ಗುರುತು ಒಂದೇ, ಕೆನ್ನೆ. ಅದು ಊಟ ಮಾಡುತ್ತಿತ್ತು, ಮಲಗುತ್ತಿತ್ತು, ಅಮ್ಮನ ಕಾಲ ಬಳಿ ಕುಳಿತುಕೊಳ್ಳುತ್ತಿತ್ತು. ಹೊಸ ಬಾಗಿಲ ದಾರಂದಕ್ಕೆ ಕೆನ್ನೆ ಉಜ್ಜಿದ್ದನ್ನು ಮಾತ್ರ ನವರಾತ್ರಿಯವರೆಗೂ ನಾನು ಕಾಣಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಯಾರೂ ನೋಡುತ್ತಿಲ್ಲವೆಂದುಕೊಂಡು, ಒಮ್ಮೆ ಉಜ್ಜಿತು.

ಮನುಷ್ಯರಲ್ಲಿ ಗುರುತು ಬೇರೆ. ನನ್ನ ದೊಡ್ಡಮ್ಮ ಬೆಂಗಳೂರಿನ ಮಗನ ಫ್ಲ್ಯಾಟಿಗೆ ಹೋಗಿ ಒಂದು ವರ್ಷದವರೆಗೆ ಫೋನಿನಲ್ಲಿ ‘ಆರಾಮ ಮಗಾ’ ಎಂಬುದರ ಹೊರತು ಬೇರೆ ಮಾತಾಡಿದ್ದಿಲ್ಲ. ಆ ‘ಆರಾಮ’ ಕೇಳಿದರೆ ನನಗೆ ಎದೆ ಭಾರವಾಗುತ್ತಿತ್ತು. ಈಚೆಗೆ ಒಂದು ದಿನ ಇದ್ದಕ್ಕಿದ್ದಂತೆ, ‘ಎಂತ ಊರು ಮಾರಾಯ, ಇಲ್ಲಿನ ನೀರಿಗೆ ಬೇಳೆ ಬೇಯುದಿಲ್ಲ’ ಎಂದಳು. ಅಲ್ಲಿಂದ ಆರಂಭವಾದ ದೂರು ಪಕ್ಕದ ಮನೆಯವರ ಮಿಕ್ಸಿಯ ಸದ್ದು, ಲಿಫ್ಟಿನ ಬಾಗಿಲು, ತರಕಾರಿಯವನ ತಕ್ಕಡಿ ಎಲ್ಲವನ್ನೂ ಹಾದು ಅರ್ಧ ಗಂಟೆ ನಡೆಯಿತು. ಅವಳ ಮಗ ಬೇಸರಪಟ್ಟುಕೊಂಡು, ಅಮ್ಮನಿಗೆ ಈಗೀಗ ಎಲ್ಲದರಲ್ಲಿಯೂ ತಪ್ಪೇ ಕಾಣುತ್ತದೆ ಎಂದ. ಕಾಣಲಿ ಬಿಡು ಎಂದೆ. ಬೇಳೆಗೆ ಕುಕ್ಕರಿನಲ್ಲಿ ಎಷ್ಟು ಸೀಟಿ ಕೂಗಿಸಬೇಕೆಂಬುದರ ಬಗ್ಗೆ ಸೊಸೆಯೊಡನೆ ಅವಳ ವಾದ ಇನ್ನೂ ಮುಗಿದಿಲ್ಲವಂತೆ.