ರಥವೂ ಋಣವೂ

ಒಂದು ಪದಾರ್ಥದ ಅಂಗಗಳೆಲ್ಲ ಬದಲಾದ ಮೇಲೆಯೂ ಅದನ್ನು ಅದೇ ಪದಾರ್ಥವೆಂದು ಕರೆಯಬಹುದೇ ಎಂಬ ಪ್ರಶ್ನೆ ನಮ್ಮ ದಾರ್ಶನಿಕರಿಗೆ ಬಹು ಪ್ರಾಚೀನವಾದುದು. ಅದು ಇಂದಿಗೂ ಜೀವಂತವಾಗಿದೆಯೆಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಒಂದು ವಾಹನ ಕಂಪನಿಯ ಚರಿತ್ರೆ ಸಾಕ್ಷಿಯಾಗಿದೆ.

ಫೀನಿಕ್ಸ್ ಮೋಟಾರ್‌ಕಾರ್ಸ್ ಎಂಬ ಈ ಕಂಪನಿ ಈ ಶತಮಾನದ ಮೊದಲ ವರ್ಷಗಳಲ್ಲಿ ಹುಟ್ಟಿ, ಕೊರಿಯಾದಿಂದ ತರಿಸಿದ ವಾಹನದೊಳಗೆ ವಿದ್ಯುತ್ ಯಂತ್ರವನ್ನಿರಿಸಿ ಮಾರುವ ಸಂಕಲ್ಪವನ್ನು ಕೈಗೊಂಡು, ಅದು ನೆರವೇರದೆ 2009ರಲ್ಲಿ ದಿವಾಳಿಯ ನ್ಯಾಯಾಲಯದ ಮೆಟ್ಟಿಲೇರಿತು. ಅನಂತರ ಒಡೆತನ ಬದಲಾಯಿತು, ಉದ್ದೇಶವೂ ಬದಲಾಯಿತು. ವಿಮಾನ ನಿಲ್ದಾಣಗಳಲ್ಲಿ ಜನರನ್ನು ಸಾಗಿಸುವ ಶಟಲ್ ಬಸ್ಸುಗಳನ್ನೂ ಸರಕಿನ ಟ್ರಕ್ಕುಗಳನ್ನೂ ಅದು ಕಟ್ಟತೊಡಗಿತು. ಆ ಕಟ್ಟುವ ಕ್ರಮವಾದರೂ ವಿಚಾರಾರ್ಹವಾದುದು. ಚಾಸಿ ಫೋರ್ಡ್ ಕಂಪನಿಯ ಇ-450. ಮೇಲಿನ ಒಡಲು ಮತ್ತೊಬ್ಬರು ಕಟ್ಟಿದ್ದು. ಪೆಟ್ರೋಲ್ ಎಂಜಿನ್ ಇರಬೇಕಾದ ವಾಹನದಲ್ಲಿ ವಿದ್ಯುತ್ ಮೋಟಾರನ್ನೂ ಬ್ಯಾಟರಿಯನ್ನೂ ಕೂಡಿಸಿ ಒಂದು ವ್ಯವಸ್ಥೆಗೆ ತರುವುದು ಮಾತ್ರ ಫೀನಿಕ್ಸಿನವರ ಕೆಲಸವಾಗಿತ್ತು. ಹಾಗಾದರೆ ರಸ್ತೆಯ ಮೇಲೆ ಸಾಗುವ ಆ ಬಸ್ಸು ಯಾರದು?

ನ್ಯಾಯದರ್ಶನದ ಅನುಯಾಯಿಯಾದ ನೈಯಾಯಿಕನನ್ನು ಕೇಳಿದರೆ, ಅವಯವಗಳಿಗಿಂತ ಬೇರೆಯಾದ, ಆದರೆ ಅವುಗಳಲ್ಲಿಯೇ ಸಮವಾಯವೆಂಬ ಅಗಲದ ಸಂಬಂಧದಿಂದ ನೆಲಸಿರುವ ಅವಯವಿ, ಎಂದರೆ ಇಡಿಯಾದ ವಸ್ತುವೊಂದು, ಉಂಟು; ಒಂದು ಅವಯವ ಹೋದರೂ ಹಳೆಯ ಅವಯವಿ ನಾಶವಾಗಿ ಹೊಸತೊಂದು ಹುಟ್ಟುತ್ತದೆ, ಎಂದಾನು. ಬೌದ್ಧನಿಗೆ ಇದು ಸಮ್ಮತವಲ್ಲ. ಯವನ ರಾಜನಾದ ಮಿಲಿಂದನು ರಥವನ್ನೇರಿ ಬಂದನೆಂದಾಗ, ಅಚ್ಚು ರಥವೇ, ಚಕ್ರ ರಥವೇ, ನೊಗ ರಥವೇ ಎಂದು ನಾಗಸೇನನೆಂಬ ಭಿಕ್ಷು ಒಂದೊಂದನ್ನೇ ಬಿಡಿಸಿ ಕೇಳಿ, ರಥವೆಂಬುದು ಈ ಅಂಗಗಳನ್ನು ಆಶ್ರಯಿಸಿ ನಾವು ಇಟ್ಟುಕೊಂಡ ವ್ಯವಹಾರದ ಹೆಸರೇ ಹೊರತು ಬೇರೆ ಸತ್ತ್ವವಲ್ಲವೆಂದು ಆ ರಾಜನಿಂದಲೇ ಒಪ್ಪಿಸಿದನು. ಬಸ್ಸಿನ ವಿಷಯದಲ್ಲಿ ನನಗೆ ನಾಗಸೇನನ ಪಕ್ಷವೇ ಸರಿಯೆಂದು ತೋರುತ್ತದೆ. ಕಬ್ಬಿಣಕ್ಕೆ ತಾನು ಯಾರದೆಂಬ ಚಿಂತೆಯಿಲ್ಲ.

ಆದರೆ ಕಬ್ಬಿಣಕ್ಕೆ ಸಲ್ಲುವ ಉತ್ತರ ಮಾತು ಕೊಟ್ಟವನಿಗೆ ಸಲ್ಲುವುದೇ? ಇಲ್ಲಿಯೇ ವಿಷಯ ಗಹನವಾಗುತ್ತದೆ. ಕೊಲೊರಾಡೊದಲ್ಲಿ 2004ರಲ್ಲಿ ಹುಟ್ಟಿ, ಅಮೆರಿಕದ ಅನೇಕ ನಗರಗಳಿಗೆ ವಿದ್ಯುತ್ ಬಸ್ಸುಗಳನ್ನು ಒದಗಿಸಿದ ಪ್ರೊಟೆರ ಎಂಬ ಕಂಪನಿ 2023ರ ಆಗಸ್ಟಿನಲ್ಲಿ ದಿವಾಳಿಯಾದಾಗ, ಅದನ್ನು ನಾಗಸೇನನ ರಥದಂತೆಯೇ ಬಿಡಿಸಿ ಹರಾಜಿಗಿಟ್ಟರು. ಬ್ಯಾಟರಿಯ ವಿಭಾಗ 21 ಕೋಟಿ ಡಾಲರಿಗೆ ವೋಲ್ವೊ ಕಂಪನಿಯ ಪಾಲಾಯಿತು. ಚಾರ್ಜಿಂಗ್ ವಿಭಾಗ ಇನ್ನೊಬ್ಬರಿಗೆ ಹೋಯಿತು. ಬಸ್ಸು ಕಟ್ಟುವ ವಿಭಾಗವನ್ನು ಒಂದು ಕೋಟಿ ಡಾಲರಿಗೆ ಹಿಡಿದದ್ದು ನಮ್ಮ ಫೀನಿಕ್ಸ್. 2024ರ ಜನವರಿಯಲ್ಲಿ ಆ ವ್ಯವಹಾರ ಮುಗಿಯಿತು. ಮೂರು ಪಾಲುಗಳಿಗೂ ಒಡೆಯರು ದೊರೆತರು. ಹಳೆಯ ಕಂಪನಿ ಊರೂರಿಗೆ ಕೊಟ್ಟಿದ್ದ ವಚನ, ಈ ಬಸ್ಸು ಇಷ್ಟು ವರ್ಷ ಓಡುವುದು, ಕೆಟ್ಟರೆ ನಾವು ಸರಿಪಡಿಸುವೆವು ಎಂಬ ಮಾತು, ಈ ಮೂರರಲ್ಲಿ ಯಾವ ಪಾಲಿನೊಳಗೆ ಸೇರಿತು? ಫಿಲಡೆಲ್ಫಿಯಾ ನಗರದ ಸಾರಿಗೆ ಸಂಸ್ಥೆ ಪ್ರೊಟೆರದಿಂದ ಕೊಂಡಿದ್ದ 25 ಬಸ್ಸುಗಳನ್ನು, ಬಿರುಕು ಕಂಡಿತೆಂಬ ಕಾರಣಕ್ಕೆ, 2020ರಲ್ಲಿಯೇ ರಸ್ತೆಯಿಂದ ಹಿಂತೆಗೆದುಕೊಂಡಿತ್ತು. ಮೂರು ವರ್ಷ ಕಳೆಯುವಷ್ಟರಲ್ಲಿ ದೂರನ್ನು ಕೇಳಬೇಕಾದ ಕಂಪನಿಯೇ ಇಲ್ಲವಾಯಿತು.

ಅಮೆರಿಕದ ದಿವಾಳಿಯ ಕಾನೂನು ಈ ಗಂಟನ್ನು ಸುಲಭವಾಗಿ ಕತ್ತರಿಸುತ್ತದೆ. ಆಸ್ತಿಯನ್ನು ಹಳೆಯ ಹಕ್ಕುದಾರಿಕೆಗಳಿಂದ ಬಿಡಿಸಿ ಮಾರಬಹುದು. ಕೊಳ್ಳುವವನು ಹಳೆಯ ಕರಾರುಗಳಲ್ಲಿ ತನಗೆ ಬೇಕಾದುವನ್ನು ಆರಿಸಿಕೊಳ್ಳಬಹುದು. ನಾಗಸೇನನು ಇದನ್ನು ಒಪ್ಪುತ್ತಿದ್ದನೆಂದು ತಿಳಿಯುವುದು ತಪ್ಪು. ಮಾವಿನ ಹಣ್ಣನ್ನು ಕದ್ದವನೊಬ್ಬನು, ಅವರು ನೆಟ್ಟ ಮಾವು ಬೇರೆ, ನಾನು ಒಯ್ದ ಮಾವು ಬೇರೆ ಎಂದು ವಾದಿಸಿದರೆ ಅವನಿಗೆ ಶಿಕ್ಷೆಯಿಲ್ಲವೇ ಎಂದು ಆ ಭಿಕ್ಷುವೇ ರಾಜನನ್ನು ಕೇಳಿದನಷ್ಟೆ. ಅಂಗಗಳು ಬೇರೆಯಾದರೂ ಪರಂಪರೆ ಕಡಿಯುವುದಿಲ್ಲ. ಹಿಂದಿನದನ್ನು ಆಶ್ರಯಿಸಿ ಮುಂದಿನದು ಹುಟ್ಟಿದಲ್ಲಿ ಹಿಂದಿನದರ ಹೊಣೆಯೂ ಅದರೊಡನೆ ಬರುತ್ತದೆ. ಆತ್ಮವನ್ನೇ ನಿರಾಕರಿಸಿದ ದರ್ಶನವೊಂದು ಋಣವನ್ನು ನಿರಾಕರಿಸಲಿಲ್ಲವೆಂಬುದು ಎಷ್ಟು ಆಶ್ಚರ್ಯದ ಮಾತು!

ನಮ್ಮ ಧರ್ಮಶಾಸ್ತ್ರ ಇದೇ ತೀರ್ಮಾನಕ್ಕೆ ಬೇರೊಂದು ದಾರಿಯಿಂದ ಬಂದಿದೆ. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕಲ್ಯಾಣದಲ್ಲಿಯೇ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರವು ಋಣಾದಾನ ಪ್ರಕರಣದಲ್ಲಿ, ಸತ್ತವನ ರಿಕ್ಥವನ್ನು, ಎಂದರೆ ಅವನು ಬಿಟ್ಟುಹೋದ ಆಸ್ತಿಯನ್ನು, ಯಾವನು ತೆಗೆದುಕೊಳ್ಳುವನೋ ಅವನೇ ಸತ್ತವನ ಸಾಲವನ್ನು ತೀರಿಸತಕ್ಕವನೆಂಬ ವಿಧಿಯನ್ನು ವಿವರಿಸುತ್ತದೆ. ಕುಡಿತ, ಜೂಜು ಮೊದಲಾದುವಕ್ಕಾಗಿ ತಂದೆ ಮಾಡಿದ ಸಾಲ ಮಗನಿಗೆ ಅಂಟದೆಂಬ ವಿವೇಕವೂ ಆ ಶಾಸ್ತ್ರದಲ್ಲಿಯೇ ಉಂಟು. ಋಣಗಳೆಲ್ಲ ಒಂದೇ ಜಾತಿಯವಲ್ಲ.

ಈ ವಿವೇಕವೇ ನಮಗಿಂದು ಬೇಕಾದುದು. ಎಲ್ಲ ಸಾಲವನ್ನೂ ಹೊರಬೇಕೆಂದರೆ ಹರಾಜಿಗೆ ಯಾರೂ ಬಾರರು, ಕಾರ್ಖಾನೆ ತುಕ್ಕು ಹಿಡಿಯುವುದು, ಕೆಲಸಗಾರರು ಬೀದಿಗೆ ಬೀಳುವರು ಎಂಬ ಆಕ್ಷೇಪ ಸತ್ಯವಾದುದೇ. ದಿವಾಳಿಯ ಕಾನೂನು ಒಂದು ಕರುಣೆಯ ಸಂಸ್ಥೆಯೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಲಾಭದ ಆಸೆಯಿಂದ ಹಣ ಹೂಡಿದವನು ನಷ್ಟದ ಸಂಭವವನ್ನೂ ತಿಳಿದೇ ಹೂಡಿದನು. ಅವನ ಸಾಲ ಹರಾಜಿನಲ್ಲಿ ಕರಗಿಹೋದರೆ ಅದರಲ್ಲಿ ಅನ್ಯಾಯವಿಲ್ಲ. ಬೆಳಗಿನ ಬಸ್ಸನ್ನು ನಂಬಿ ಆಸ್ಪತ್ರೆಗೋ ಕೆಲಸಕ್ಕೋ ಹೊರಟ ಬಡವನು ಯಾವ ಲಾಭವನ್ನೂ ಬಯಸಿದವನಲ್ಲ. ಅವನಿಗೆ ಸಂದ ವಚನ ಹಣದ ಸಾಲದೊಡನೆ ಅಳಿಯತಕ್ಕದ್ದಲ್ಲ.

ಇದು ದೂರದ ದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ಬೆಂಗಳೂರಿನ ಬಿಎಂಟಿಸಿ 2022ರಲ್ಲಿ ಟಾಟಾ ಮೋಟಾರ್ಸಿನ ಅಂಗಸಂಸ್ಥೆಯೊಡನೆ 921 ವಿದ್ಯುತ್ ಬಸ್ಸುಗಳಿಗೆ ಮಾಡಿಕೊಂಡ ಕರಾರು 12 ವರ್ಷಗಳದು. ಬಸ್ಸುಗಳನ್ನು ಒದಗಿಸಿ ನಡೆಸಿಕೊಂಡು ಬರುವುದು ಕಂಪನಿಯ ಹೊಣೆ, ಓಡಿದ ಕಿಲೋಮೀಟರಿಗೆ ಹಣ ಕೊಡುವುದು ನಿಗಮದ ಹೊಣೆ. ಹನ್ನೆರಡು ವರ್ಷ ಕಂಪನಿಗಳ ಆಯುಸ್ಸಿನಲ್ಲಿ ದೀರ್ಘ ಕಾಲ. ಇಂಥ ಕರಾರುಗಳನ್ನು ಬರೆಯುವ ಅಧಿಕಾರಿಗಳಲ್ಲಿ ನನ್ನ ವಿನಂತಿ ಒಂದೇ: ವಾಹನಗಳನ್ನೂ ಕಾರ್ಖಾನೆಯನ್ನೂ ಮುಂದೆ ಯಾರು ವಶಪಡಿಸಿಕೊಂಡರೂ ಪ್ರಯಾಣಿಕನಿಗೆ ಸಲ್ಲಬೇಕಾದ ಸೇವೆ ಅವರ ಮೇಲೆಯೇ ಬರತಕ್ಕದ್ದೆಂಬ ವಾಕ್ಯವನ್ನು, ಬೆಲೆಯ ಅಂಕಿಗಳಿಗಿಂತ ಮೊದಲು ಬರೆಯಿರಿ.