ಸರದಿ ಮುಗಿದ ಮೇಲೆ

ಸಂಜೆಯ ಬೊರಿವಲಿ ಲೋಕಲ್‌ನಲ್ಲಿ ಗಿಟಾರಿನ ಚೀಲವನ್ನು ಎದೆಗವಚಿಕೊಂಡು ನಿಂತ ಹುಡುಗ ಹುಡುಗಿಯರನ್ನು ನೀವೂ ಕಂಡಿರುತ್ತೀರಿ. ಧೋಬಿ ತಲಾವಿನಲ್ಲಿ, 1865ರಷ್ಟು ಹಳೆಯ ಫುರ್ಟಾಡೋಸ್ ಮಳಿಗೆಯಲ್ಲಿ ಹೊಸ ತಂತಿ ಕೊಂಡು, ಮರೀನ್ ಲೈನ್ಸ್‌ನಲ್ಲಿ ಗಾಡಿ ಹತ್ತಿದವರು ಅವರಲ್ಲಿ ಕೆಲವರು. ಮನೆ ಸೇರಿದವರೇ ಊಟದ ಹೊತ್ತಿನವರೆಗೆ ಸಾಧನೆಗೆ ಕೂರುತ್ತಾರೆ. ಪಕ್ಕದ ಮನೆಯ ನಮಗೆ ಗೋಡೆಯಾಚೆಯಿಂದ ಒಂದೇ ತುಣುಕು ಮತ್ತೆ ಮತ್ತೆ ಕೇಳಿಸುತ್ತದೆ.

ಆ ತುಣುಕಿನ ಹಿಂದೆ ದೊಡ್ಡ ಹಂಬಲವಿದೆ. ಆ ಗಳಿಗೆಗೆ ಹೊಳೆದದ್ದನ್ನು ಆ ಗಳಿಗೆಗೇ ನುಡಿಸಬೇಕು ಎಂಬುದು ಲೀಡ್ ಗಿಟಾರ್ ಹಿಡಿದವರ ಆಸೆ. ನಮ್ಮ ವಿದ್ವಾಂಸರು ಮನೋಧರ್ಮ ಎನ್ನುವುದೂ ಇದನ್ನೇ. ಮೊದಲ ಪಾಠಕ್ಕೆ ಐದೇ ಸ್ವರ ಸಾಕು. ಅವರು ಮೈನರ್ ಪೆಂಟಟಾನಿಕ್ ಎಂದು ಕಲಿಯುವ ಸ್ವರಗಳೇ ನಮ್ಮ ಶುದ್ಧ ಧನ್ಯಾಸಿಯಲ್ಲಿರುವುದು: ಸ, ಗ, ಮ, ಪ, ನಿ. ಎ ಶ್ರುತಿಯಲ್ಲಿ ನುಡಿಸುವಾಗ ಮೂರನೆಯ ತಂತಿಯ ಏಳನೆಯ ಫ್ರೆಟ್‌ನಲ್ಲಿ ಮಧ್ಯಮ ಸಿಗುತ್ತದೆ. ಮೂರು ಬೆರಳು ಕೂಡಿಸಿ ಆ ತಂತಿಯನ್ನು ಮೇಲಕ್ಕೆ ಒತ್ತಿ, ಮಧ್ಯಮವನ್ನು ಪಂಚಮದವರೆಗೆ ಏರಿಸಬೇಕು. ಸರಿಯಾಗಿ ಮುಟ್ಟಿತೇ ಎಂದು ಎರಡನೆಯ ತಂತಿಯ ಐದನೆಯ ಫ್ರೆಟ್ ಮೀಟಿ ನೋಡಬೇಕು. ಕೂದಲೆಳೆಯಷ್ಟು ತಗ್ಗಿದರೂ ಕಿವಿಗೆ ಒಪ್ಪುವುದಿಲ್ಲ. ಬೆರಳ ತುದಿ ಕೆಂಪಾಗಿ, ಕ್ರಮೇಣ ಜಡ್ಡುಗಟ್ಟುತ್ತದೆ.

ಬೆರಳು ಪಳಗಿದ ಮೇಲೂ ಒಂದು ಪಾಠ ಉಳಿದಿರುತ್ತದೆ. ಬ್ಲೂಸ್ ಸಂಗೀತದಲ್ಲಿ ಸಾಮಾನ್ಯವಾಗಿ 12 ಬಾರ್‌ಗಳಿಗೆ ಒಂದು ಆವರ್ತ. ಗೆಳೆಯರು ಕೂಡಿ ನುಡಿಸುವಾಗ ಒಬ್ಬೊಬ್ಬರಿಗೂ ಒಂದೆರಡು ಆವರ್ತದ ಸರದಿ. ಒಬ್ಬನ ಬೆರಳು ಮನಬಂದಂತೆ ಹರಿದಾಡುವಾಗ ಉಳಿದವರು ಅವೇ ಮೂರು ಕಾರ್ಡ್‌ಗಳನ್ನು ಲಯ ತಪ್ಪದೆ ಹಿಡಿದಿರುತ್ತಾರೆ. ತನ್ನ ಸರದಿ ಮುಗಿದೊಡನೆ ಅವನೂ ಸದ್ದು ತಗ್ಗಿಸಿ, ಮುಂದಿನವನಿಗಾಗಿ ಆ ಮೂರು ಕಾರ್ಡ್‌ಗಳಿಗೆ ಮರಳಬೇಕು. ಮರಳಲು ಒಲ್ಲದವನೊಡನೆ ಮತ್ತೊಮ್ಮೆ ಕೂಡಿ ನುಡಿಸಲು ಯಾರಿಗೂ ಮನಸ್ಸಾಗುವುದಿಲ್ಲ. ಮುಂಬಯಿಯಲ್ಲಿ ಬಾಳಿ 2022ರಲ್ಲಿ ತೀರಿಕೊಂಡ ಭೂಪಿಂದರ್ ಸಿಂಗ್ ಅವರನ್ನು ನಾವು ಗಜಲ್ ಗಾಯಕರೆಂದು ಬಲ್ಲೆವು. 1971ರಲ್ಲಿ ಆಶಾ ಭೋಸ್ಲೆ ಹಾಡಿದ ‘ದಮ್ ಮಾರೋ ದಮ್’ನಲ್ಲಿ ಗಿಟಾರ್ ನುಡಿಸಿದವರೂ ಅವರೇ. ಅಂಥ ಕಂಠವಿದ್ದವರು ಇನ್ನೊಬ್ಬರ ಹಾಡಿಗೆ ತಂತಿ ಮೀಟಿದರು. ಅದರಿಂದ ಅವರ ಹಿರಿಮೆ ಹೆಚ್ಚಿತೇ ಹೊರತು ಕುಂದಲಿಲ್ಲ.

ನಮ್ಮ ಮನೆಗಳಲ್ಲೂ ಯಾರೋ ಒಬ್ಬರು ವರ್ಷಗಟ್ಟಲೆ ಲಯ ಹಿಡಿದು ಕೂತಿರುತ್ತಾರೆ. ಬೆಳಗಿನ ಡಬ್ಬಿ, ನಲ್ಲಿಯಲ್ಲಿ ನೀರು ಬರುವ ಹೊತ್ತು, ಅಜ್ಜನ ಔಷಧ, ಎಲ್ಲವೂ ಅವರ ಪಾಲಿಗೆ. ಆ ಆಸರೆಯ ಮೇಲೆಯೇ ಉಳಿದವರ ಓದು, ನೌಕರಿ, ಹವ್ಯಾಸಗಳು ನಡೆಯುತ್ತವೆ. ಅವರ ಸರದಿ ಎಂದು ಬರಬೇಕು? ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಒಳ್ಳೆಯ ಕಚೇರಿಯಿರುವ ದಿನ ಅವರು ಹೊರಡಲಿ, ಸಂಜೆಯ ಮನೆ ನಮ್ಮ ಕೈಯಲ್ಲಿರಲಿ. ‘ಹೋಗಿ ಬನ್ನಿ’ ಎಂದರಷ್ಟೇ ಸಾಲದು. ನೀರು ಎಷ್ಟು ಗಂಟೆಗೆ ಬರುತ್ತದೆ, ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ಆಮೇಲೆ ಎಂದು ಹಿಂದಿನ ದಿನವೇ ಕೇಳಿ ತಿಳಿದುಕೊಂಡಿರಬೇಕು. ಇಲ್ಲವಾದರೆ ಅವರು ಸಭಾಂಗಣದಲ್ಲಿ ಕೂತಿದ್ದರೂ ಮನಸ್ಸೆಲ್ಲ ಅಡುಗೆಮನೆಯಲ್ಲೇ ಇರುತ್ತದೆ.