ಊರಿನ ಅಧಿಕಾರ ಯಾರು ಕೊಟ್ಟದ್ದು?

ಗ್ರಾಮ ಪಂಚಾಯತಿ, ಪುರಸಭೆ, ನಗರಸಭೆಗಳ ಮೇಲೆ ರಾಜ್ಯ ಸರ್ಕಾರಕ್ಕಿರುವ ಹಿಡಿತದ ಬುಡದಲ್ಲಿ ಒಂದು ತಾತ್ವಿಕ ಪ್ರಶ್ನೆ ಇದೆ. ತಮ್ಮ ಊರನ್ನು ತಾವೇ ಆಳಿಕೊಳ್ಳುವ ಅಧಿಕಾರ ಜನರಲ್ಲಿ ಮೊದಲಿನಿಂದಲೇ ಇರುವಂಥದೋ, ಸರ್ಕಾರ ದಯಪಾಲಿಸಿದ್ದೋ? ದಯಪಾಲಿಸಿದ್ದಾದರೆ ಕೊಟ್ಟವರು ಷರತ್ತು ಹಾಕಬಹುದು, ಬೇಡವೆನಿಸಿದಾಗ ಹಿಂದಕ್ಕೂ ಪಡೆಯಬಹುದು. ಜನರದೇ ಆದರೆ, ಕೈಹಾಕುವ ಪ್ರತಿ ಸಲವೂ ಕಾರಣ ಹೇಳಬೇಕಾದವರು ಮೇಲಿನವರು.

ಈ ವಾದವನ್ನು ಅತ್ಯಂತ ನೇರವಾಗಿ ಮುಖಾಮುಖಿಯಾಗಿಸಿದ್ದು ಅಮೆರಿಕದ ನ್ಯಾಯಾಲಯಗಳು. ಊರಾಡಳಿತ ರಾಜ್ಯದ ಸೃಷ್ಟಿ, ರಾಜ್ಯ ಸ್ಪಷ್ಟವಾಗಿ ಕೊಡದ ಅಧಿಕಾರ ಅದಕ್ಕಿಲ್ಲ ಎಂದು ಐಯೊವಾದ ನ್ಯಾಯಮೂರ್ತಿ ಜಾನ್ ಡಿಲನ್ 1868ರಲ್ಲಿ ಹೇಳಿದರು. ಸ್ಥಳೀಯ ಸ್ವಯಮಾಡಳಿತ ಜನರ ಹಕ್ಕು, ರಾಜ್ಯ ಅದನ್ನು ಕಸಿಯಲಾಗದು ಎಂದು 1871ರಲ್ಲಿ ಮಿಷಿಗನ್‌ನ ಥಾಮಸ್ ಕೂಲಿ ಹೇಳಿದರು. ಕಾನೂನಿನಲ್ಲಿ ಮೇಲುಗೈಯಾದದ್ದು ಡಿಲನ್ ವಾದವೇ.

ಭಾರತದಲ್ಲಿ ಚರ್ಚೆ ಇದಕ್ಕಿಂತ ಆಳಕ್ಕೆ ಹೋಯಿತು. ಹಳ್ಳಿಯೇ ಆಡಳಿತದ ಮೂಲ, ಅಧಿಕಾರ ಅಲ್ಲಿಂದ ಹೊರಕ್ಕೆ ಹರಡಬೇಕು ಎಂಬುದು ಗಾಂಧೀಜಿಯವರ ನಿಲುವು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಮಾತನಾಡಿದ ಅಂಬೇಡ್ಕರ್ ಇದನ್ನು ಒಪ್ಪಲಿಲ್ಲ. ಅವರು ಕಂಡ ಹಳ್ಳಿ ಸಂಕುಚಿತತೆಯ, ಅಜ್ಞಾನದ, ಜಾತಿಯ ಕೋಟೆ. ಆದ್ದರಿಂದ ಸಂವಿಧಾನದ ಘಟಕ ಹಳ್ಳಿಯಲ್ಲ, ವ್ಯಕ್ತಿ. ಅದೇ ತಿಂಗಳು ಕೆ. ಸಂತಾನಂ ತಂದ ತಿದ್ದುಪಡಿಯಿಂದ ಪಂಚಾಯತಿಗಳಿಗೆ 40ನೇ ವಿಧಿಯಲ್ಲಿ, ಅಂದರೆ ನ್ಯಾಯಾಲಯದ ಮೂಲಕ ಜಾರಿಗೆ ತರಲಾಗದ ನಿರ್ದೇಶಕ ತತ್ವಗಳ ನಡುವೆ, ಜಾಗ ಸಿಕ್ಕಿತು. ಹಳ್ಳಿಯನ್ನು ಹೊರಗಿನವರು ಆಳಬಾರದು ಎಂಬುದು ಗಾಂಧೀಜಿಯವರ ಚಿಂತೆ. ಹಳ್ಳಿಯೊಳಗೆ ಯಾರು ಯಾರನ್ನು ಆಳುತ್ತಾರೆ ಎಂಬುದು ಅಂಬೇಡ್ಕರ್ ಅವರ ಚಿಂತೆ. ಒಂದನ್ನು ಹಿಡಿದು ಇನ್ನೊಂದನ್ನು ಮರೆತವರಿಗೆ ಮೇಲ್ವಿಚಾರಣೆಯ ನ್ಯಾಯಾನ್ಯಾಯ ತಿಳಿಯುವುದಿಲ್ಲ.

1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೇ ತಿದ್ದುಪಡಿ ನಡುದಾರಿಯೊಂದನ್ನು ಹಿಡಿಯಿತು. ಪಂಚಾಯತಿಗಳ ಅಸ್ತಿತ್ವ, ಐದು ವರ್ಷದ ಅವಧಿ, ಪರಿಶಿಷ್ಟರ ಮತ್ತು ಮಹಿಳೆಯರ ಮೀಸಲಾತಿಗೆ ಸಂವಿಧಾನದ ರಕ್ಷಣೆ ದೊರೆಯಿತು. ಆದರೆ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಯಾವುದನ್ನು ಎಷ್ಟು ಬಿಟ್ಟುಕೊಡಬೇಕು, ಯಾವ ತೆರಿಗೆ ಹಾಕಲು ಬಿಡಬೇಕು ಎಂಬುದು ಶಾಸನಸಭೆಯ ಇಚ್ಛೆಗೆ ಉಳಿಯಿತು. ಇರುವ ಹಕ್ಕು ಸಂವಿಧಾನದ್ದು, ಮಾಡುವ ಶಕ್ತಿ ರಾಜ್ಯದ್ದು.

ಕರ್ನಾಟಕ ಇದಕ್ಕೂ ಮೊದಲೇ ಬೇರೆ ಬಗೆಯಾಗಿ ಯೋಚಿಸಿತ್ತು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಕಾಯ್ದೆಯಡಿ 1987ರಲ್ಲಿ ಚುನಾವಣೆ ನಡೆದಾಗ, ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನವಿತ್ತು. ಅವರ ಕೈಕೆಳಗಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಅಧಿಕಾರಿ ಚುನಾಯಿತರ ಮಾತು ಕೇಳಬೇಕೆಂಬ ತತ್ವಕ್ಕೆ ಇಷ್ಟು ಧೈರ್ಯದ ರೂಪ ಮತ್ತೆ ಸಿಕ್ಕಿಲ್ಲ. ಈಗಿನ ಪಂಚಾಯತಿ ಅಭಿವೃದ್ಧಿ ಅಧಿಕಾರಿ ರಾಜ್ಯದ ನೌಕರ. ಅವರು ಅಧ್ಯಕ್ಷರೊಡನೆ ಕೆಲಸ ಮಾಡುತ್ತಾರೆ. ವರ್ಗಾವಣೆ, ಶಿಸ್ತುಕ್ರಮಗಳು ಮಾತ್ರ ಮೇಲಿನಿಂದ ಬರುತ್ತವೆ.

ಹಣದ ವಿಚಾರಕ್ಕೆ ಬಂದರೆ ಪ್ರಶ್ನೆ ಇನ್ನೂ ಗಾಢವಾಗುತ್ತದೆ. ಅನುದಾನವನ್ನು ದಾನವೆಂದು ಬಗೆದರೆ ಕೊಟ್ಟವರಿಗೆ ಋಣಿಯಾಗಿರಬೇಕಾದ್ದು ಸಹಜ. ಆದರೆ ಊರಿನ ಕೂಲಿಯವರು ಕೊಂಡ ಸೋಪಿನ ಮೇಲೂ ಜಿಎಸ್‌ಟಿ ಇದೆ. ಹೀಗೆ ಮೇಲೆ ಹೋದ ಹಣದ ಒಂದು ಭಾಗ ಹಣಕಾಸು ಆಯೋಗದ ಶಿಫಾರಸಿನ ಮೂಲಕ ಕೆಳಗೆ ಮರಳುತ್ತದೆ. ಸುಲಭವಾಗಿ ಕೈಗೆಟುಕುವ ತೆರಿಗೆಗಳೆಲ್ಲ ಮೇಲಿನ ಸರ್ಕಾರಗಳ ಪಾಲಾಗಿ ಪಂಚಾಯತಿಗೆ ಮನೆ ಕಂದಾಯ, ನೀರಿನ ದರದಂಥವು ಉಳಿದಿರುವಾಗ, ಮರಳಿ ಬರುವುದನ್ನು ಪಾಲು ಎನ್ನುವುದೇ ನ್ಯಾಯ. ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ರಚಿಸಬೇಕೆಂಬ ಸಂವಿಧಾನದ ವಿಧಿಯ ಹಿಂದೆ ಇರುವುದೂ ಈ ಪಾಲಿನ ಭಾವನೆಯೇ. ಪಾಲಿಗೂ ನಿರ್ಬಂಧ ಇರಬಹುದು: 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಗ್ರಾಮೀಣ ಸಂಸ್ಥೆಗಳ ಅನುದಾನದಲ್ಲಿ ಶೇ. 60ನ್ನು ಕುಡಿಯುವ ನೀರು, ನೈರ್ಮಲ್ಯಗಳಿಗೆ ಕಟ್ಟಿಹಾಕಿತು. ಉದ್ದೇಶ ಒಳ್ಳೆಯದು. ಆದರೂ ಮಳೆಗೆ ಕೊಚ್ಚಿಹೋದ ಕಾಲುಸಂಕವೇ ಮೊದಲ ಅಗತ್ಯವಾದ ಮಲೆನಾಡಿನ ಊರಿಗೂ, ನೀರೇ ಮೊದಲ ಅಗತ್ಯವಾದ ಬಯಲುಸೀಮೆಯ ಊರಿಗೂ ಒಂದೇ ಅಳತೆ ಹಾಕಿದಾಗ, ತೀರ್ಮಾನಿಸುವ ಹಕ್ಕಿನ ದೊಡ್ಡ ಭಾಗ ಊರಿನ ಕೈತಪ್ಪುತ್ತದೆ.

ಮೇಲ್ವಿಚಾರಣೆಯಲ್ಲಿ ಎರಡು ಬಗೆಯನ್ನು ಬಿಡಿಸಿ ನೋಡಬೇಕು. ಕಾನೂನು ಪಾಲನೆಯಾಯಿತೇ, ಲೆಕ್ಕ ಸರಿಯಿದೆಯೇ ಎಂದು ಕೇಳುವುದು ಒಂದು. ತೀರ್ಮಾನ ಜಾಣತನದ್ದೇ ಎಂದು ಕೇಳುವುದು ಇನ್ನೊಂದು. 1985ರ ಯುರೋಪಿನ ಸ್ಥಳೀಯ ಸ್ವಯಮಾಡಳಿತ ಸನ್ನದು, ಊರಿನ ಸ್ವಂತ ಕೆಲಸಗಳಲ್ಲಿ ಸಾಮಾನ್ಯವಾಗಿ ಮೊದಲನೆಯದಕ್ಕಷ್ಟೇ ಅವಕಾಶ ಕೊಡುತ್ತದೆ. ಜಾನ್ ಸ್ಟುವರ್ಟ್ ಮಿಲ್ 1861ರಲ್ಲೇ ತಿಳುವಳಿಕೆ ಕೇಂದ್ರದಲ್ಲಿ ಸೇರಲಿ, ಅಧಿಕಾರ ಹರಡಿಕೊಳ್ಳಲಿ ಎಂಬರ್ಥದ ವಾದ ಮಂಡಿಸಿದ್ದರು. ಸಲಹೆಗೆ ಮಿತಿ ಬೇಕಿಲ್ಲ, ಆಜ್ಞೆಗೆ ಬೇಕು. ತಪ್ಪು ತೀರ್ಮಾನ ಮಾಡಿದ ಪಂಚಾಯತಿಯನ್ನು ತಿದ್ದಬೇಕಾದವರು ಆ ತಪ್ಪಿನ ಫಲ ಉಣ್ಣುವ ಮತದಾರರು.

ಇಲ್ಲಿ ಅಂಬೇಡ್ಕರ್ ಅವರ ಎಚ್ಚರಿಕೆ ಮತ್ತೆ ಎದುರಾಗುತ್ತದೆ. ಫಲ ಉಣ್ಣುವವರು ಊರಿನಲ್ಲಿ ಅಲ್ಪಸಂಖ್ಯಾತರಾಗಿದ್ದರೆ? ಚರಂಡಿ ದಲಿತ ಕೇರಿಯ ಅಂಚಿಗೆ ಬಂದು ನಿಂತರೆ, ಬೀದಿದೀಪ ಅಲ್ಲಿಗೆ ಮಾತ್ರ ತಲುಪದಿದ್ದರೆ, ಬಹುಮತ ಅದನ್ನು ತಿದ್ದುವುದಿಲ್ಲ. ಪರಿಶಿಷ್ಟರಿಗೆಂದು ಹಣದ ಒಂದು ಪಾಲನ್ನು ಮೀಸಲಿಡಬೇಕೆಂಬ ನಿಯಮ ಊರಿನ ಸ್ವಾತಂತ್ರ್ಯಕ್ಕೆ ಅಡ್ಡಿಯಲ್ಲ, ಆ ಸ್ವಾತಂತ್ರ್ಯ ಎಲ್ಲರದೂ ಆಗಲು ಬೇಕಾದ ನೆಲೆ. ಇಂಥ ಕಡೆ ರಾಜ್ಯ ಬಲವಾಗಿಯೇ ಕೈಹಾಕಬೇಕು.

ಅದೇ ಕೈ ಚುನಾವಣೆಯನ್ನು ತಡೆಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂಬುದು ಸಂವಿಧಾನದ ಕಟ್ಟಳೆ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಖಚಿತಪಡಿಸಿತು. ಹೀಗಿದ್ದೂ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಅವಧಿ 2020ರ ಸೆಪ್ಟೆಂಬರ್‌ನಲ್ಲಿ, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳದು 2021ರಲ್ಲಿ ಮುಗಿದ ಮೇಲೆ, ಅವು ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು. ವಾರ್ಡ್ ವಿಂಗಡಣೆ, ಮೀಸಲಾತಿ ನಿಗದಿ ಕಾರಣಗಳಾಗಿ ಕೇಳಿಬಂದವು. ಆ ಕೆಲಸಗಳ ಕೀಲಿ ಇದ್ದದ್ದು ರಾಜ್ಯದ ಬಳಿಯೇ.